ಹ್ಯಾಮರ್ ಹುಡುಕಾಟದ ಫಲಿತಾಂಶವನ್ನು ಪೈಥಾನ್ ಆಬ್ಜೆಕ್ಟ್‌ಗಳಲ್ಲಿ ಸರಿಯಾಗಿ ಹಿಡಿಯುವುದು: ಭತ್ತದ ಎನ್‌ಬಿ-ಎಆರ್‌ಸಿ ಜೀನ್‌ಗಳ ಉದಾಹರಣೆಯೊಂದಿಗೆ

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ತುಂಗಭದ್ರಾ ಕಾಲುವೆ ನೀರಿನ ಭತ್ತಕ್ಕೆ ಬೆಂಕಿ ರೋಗವೂ ದುಂಡಾಣು ಎಲೆ ಅಂಗಮಾರಿಯೂ ಹೊಸ ಮಾತಲ್ಲ. ಹಾಗಾಗಿ ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಬಯೋಟೆಕ್ನಾಲಜಿ ಅಥವಾ ಸಸ್ಯ ತಳಿ ವಿಜ್ಞಾನ ಓದುವವರಿಗೆ ರೋಗನಿರೋಧಕ ಜೀನ್‌ಗಳ ಪಟ್ಟಿ ತಯಾರಿಸುವುದು ಸಹಜವಾಗಿ ಸಿಗುವ ಪ್ರಾಜೆಕ್ಟ್. ಹ್ಯಾಮರ್ ಎಂದರೆ ಪ್ರೋಟೀನ್ ಕುಟುಂಬದ ಮಾಡಲ್ ಇಟ್ಟುಕೊಂಡು ಸೀಕ್ವೆನ್ಸ್‌ಗಳಲ್ಲಿ ಅದಕ್ಕೆ ಹೋಲುವುದನ್ನು ಹುಡುಕುವ ಪ್ರೋಗ್ರಾಂ. ಮಾಡಲ್ ಅಂದರೆ ಆ ಕುಟುಂಬದ ಸೀಕ್ವೆನ್ಸ್‌ಗಳ ಸಾಮಾನ್ಯ ಮಾದರಿ, ಡೊಮೇನ್ ಅಂದರೆ ಪ್ರೋಟೀನ್‌ನಲ್ಲಿ ಆ ಮಾದರಿಗೆ ಹೊಂದುವ ಭಾಗ. ಹ್ಯಾಮರ್ ಓಡಿಸುವುದು ಹತ್ತು ನಿಮಿಷದ ಕೆಲಸ. ಪಟ್ಟಿ ಕೆಡುವುದು ಅದರ ನಂತರ, ಫಲಿತಾಂಶದ ಫೈಲನ್ನು ಕೋಡ್‌ನಲ್ಲಿ ಓದುವಾಗ. ಪ್ರತಿ ಸಂಖ್ಯೆಯ ಬಗ್ಗೆಯೂ ಎರಡು ಪ್ರಶ್ನೆ ಕೇಳಬೇಕು: ಇದು ಇಡೀ ಸೀಕ್ವೆನ್ಸ್‌ನದೋ ಒಂದು ಡೊಮೇನ್‌ನದೋ? ಇದು ಪ್ರೋಟೀನ್ ಮೇಲಿನ ಜಾಗವೋ ಮಾಡಲ್ ಮೇಲಿನ ಜಾಗವೋ? ಇವಕ್ಕೆ ಉತ್ತರ ಗೊತ್ತಿಲ್ಲದೆ ಬರೆದ ಕೋಡ್ ಎರರ್ ಕೊಡದೆಯೇ ತಪ್ಪು ಉತ್ತರ ಕೊಡುತ್ತದೆ.

ಕಮಾಂಡ್, ಆಯ್ಕೆ, ಕ್ಲಾಸ್‌ಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ. ಅಂಡರ್‌ಸ್ಕೋರ್, ಹೈಫನ್ ಇರುವಲ್ಲಿ ಹಾಗೆಯೇ ಇಡಿ.

ಹುಡುಕಾಟ ಓಡಿಸುವಾಗಲೇ ನೋಡಿಕೊಳ್ಳಬೇಕಾದ್ದು

ಉಬುಂಟುನಲ್ಲಿ ಹ್ಯಾಮರ್ ಪ್ಯಾಕೇಜ್ ನೇರವಾಗಿ ಸಿಗುತ್ತದೆ. ವಿಂಡೋಸ್ ಇದ್ದರೆ ಅದರಲ್ಲಿ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್ಎಲ್ ಹಾಕಿಕೊಂಡು ಅದರೊಳಗೆ ಇನ್‌ಸ್ಟಾಲ್ ಮಾಡಿ. ಹ್ಯಾಮರ್ 3.4 ಆವೃತ್ತಿ 2023ರಲ್ಲಿ ಬಂದಿದೆ. ಪ್ರೋಟೀನ್ ಕುಟುಂಬಗಳ ಮಾಡಲ್ ಸಂಗ್ರಹವಾದ ಪಿಫ್ಯಾಮ್‌ನ ಹಳೆಯ ವೆಬ್‌ಸೈಟ್ ಈಗಿಲ್ಲ, ಅದು ಇಂಟರ್‌ಪ್ರೊ ಡೇಟಾಬೇಸ್ ಒಳಗೆ ಸೇರಿದೆ. ಮಾಡಲ್‌ಗಳ ಪೂರ್ತಿ ಫೈಲ್ ಯುರೋಪಿನ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆ ಇಬಿಐನ ಎಫ್‌ಟಿಪಿ ಜಾಗದಲ್ಲಿ ಸಿಗುತ್ತದೆ. ಹಲವು ರೋಗನಿರೋಧಕ ಪ್ರೋಟೀನ್‌ಗಳಲ್ಲಿ ಇರುವ ಡೊಮೇನ್ ಎನ್‌ಬಿ-ಎಆರ್‌ಸಿ. ಪೂರ್ತಿ ಫೈಲ್‌ನಿಂದ ಅದರ ಮಾಡಲನ್ನು, ಅಂದರೆ ಪಿಎಫ್00931 ಅನ್ನು, ಎಚ್‌ಎಂಎಂಫೆಚ್‌ನಿಂದ ಹೆಸರು ಕೊಟ್ಟು ಬೇರೆ ತೆಗೆದುಕೊಳ್ಳಿ.

ದಾರಿ ಎರಡಿದೆ. ಒಂದು ಮಾಡಲ್ ಇಟ್ಟುಕೊಂಡು ಭತ್ತದ ಎಲ್ಲ ಪ್ರೋಟೀನ್‌ಗಳಲ್ಲಿ ಹುಡುಕುವುದು ಎಚ್‌ಎಂಎಂಸರ್ಚ್. ಒಂದೊಂದೇ ಪ್ರೋಟೀನ್ ಹಿಡಿದು ಪಿಫ್ಯಾಮ್‌ನ 20,000ಕ್ಕೂ ಹೆಚ್ಚು ಮಾಡಲ್‌ಗಳ ವಿರುದ್ಧ ನೋಡುವುದು ಎಚ್‌ಎಂಎಂಸ್ಕ್ಯಾನ್. ಎರಡನೆಯದಕ್ಕೆ ಮೊದಲು ಎಚ್‌ಎಂಎಂಪ್ರೆಸ್ ಓಡಿಸಿ ನಾಲ್ಕು ಸಹಾಯಕ ಫೈಲ್ ಮಾಡಿಕೊಳ್ಳಬೇಕು, ಇಲ್ಲವಾದರೆ ಅದು ಹೊರಡುವುದೇ ಇಲ್ಲ. ಒಳ್ಳೆಯ ಕ್ರಮವೆಂದರೆ ಮೊದಲು ಎಚ್‌ಎಂಎಂಸರ್ಚ್‌ನಿಂದ ಅಭ್ಯರ್ಥಿ ಪ್ರೋಟೀನ್‌ಗಳನ್ನು ಆರಿಸಿ, ಆಮೇಲೆ ಆ ಕೆಲವು ನೂರನ್ನು ಮಾತ್ರ ಎಚ್‌ಎಂಎಂಸ್ಕ್ಯಾನ್‌ಗೆ ಕೊಟ್ಟು ಉಳಿದ ಡೊಮೇನ್‌ಗಳನ್ನು ಗುರುತಿಸುವುದು. ಕಾಲೇಜಿನ ಸಾಧಾರಣ ಕಂಪ್ಯೂಟರ್‌ಗೂ ಇದು ಭಾರವಾಗದು.

ಓಡಿಸುವಾಗ ಮೂರು ಆಯ್ಕೆ ಬಿಡಬೇಡಿ. ಒಂದು, ಡಾಮ್‌ಟಿಬಿಎಲ್‌ಔಟ್: ಪ್ರತಿ ಡೊಮೇನ್‌ಗೆ ಒಂದು ಸಾಲಿನಂತೆ ಬರೆಯುವ ಫೈಲ್ ಇದು. ಬರೀ ಟಿಬಿಎಲ್‌ಔಟ್ ತೆಗೆದುಕೊಂಡರೆ ಪ್ರೋಟೀನ್‌ಗೆ ಒಂದೇ ಸಾಲು ಸಿಗುತ್ತದೆ, ಡೊಮೇನ್ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬುದು ಅದರಲ್ಲಿ ಇರುವುದೇ ಇಲ್ಲ. ಎರಡು, ಸಣ್ಣ ಓ ಆಯ್ಕೆ: ಮಾಮೂಲಿ ಉದ್ದದ ಟೆಕ್ಸ್ಟ್ ಔಟ್‌ಪುಟ್ ಕೂಡ ಬೇರೆ ಫೈಲ್‌ಗೆ ಹೋಗಲಿ. ಮೂರು, ಕಟ್_ಜಿಎ: ಪಿಫ್ಯಾಮ್ ತಜ್ಞರು ಪ್ರತಿ ಕುಟುಂಬಕ್ಕೂ ನೋಡಿ ಹಾಕಿರುವ ಬಿಟ್ ಸ್ಕೋರ್ (ಹೋಲಿಕೆ ಎಷ್ಟು ಗಟ್ಟಿ ಎಂಬ ಅಂಕಿ) ಮಿತಿಯನ್ನು ಇದು ಬಳಸುತ್ತದೆ. ಮಿತಿಯಲ್ಲಿ ಎರಡು ಅಂಕಿ ಇರುತ್ತವೆ, ಒಂದು ಇಡೀ ಸೀಕ್ವೆನ್ಸ್‌ಗೆ, ಇನ್ನೊಂದು ಡೊಮೇನ್‌ಗೆ. ನೀವೇ ಎಚ್‌ಎಂಎಂಬಿಲ್ಡ್‌ನಿಂದ ಕಟ್ಟಿದ ಮಾಡಲ್‌ನಲ್ಲಿ ಈ ಮಿತಿ ಇರುವುದಿಲ್ಲ. ಅಲ್ಲಿ ಈ ಆಯ್ಕೆ ಹಾಕಿದರೆ ಓಟ ನಿಂತುಹೋಗುತ್ತದೆ, ಆಗ ಇ-ವ್ಯಾಲ್ಯೂ ಮೇಲೆಯೇ ನಿಲ್ಲಬೇಕು.

ಇ-ವ್ಯಾಲ್ಯೂ ಮೇಲೆ ನಿಲ್ಲುವವರು ಇದನ್ನು ಗಮನಿಸಿ. ಇ-ವ್ಯಾಲ್ಯೂ ಅಂದರೆ ಪಿ-ವ್ಯಾಲ್ಯೂವನ್ನು (ಅಷ್ಟು ಸ್ಕೋರ್ ಬರೀ ಆಕಸ್ಮಿಕವಾಗಿ ಬರುವ ಸಂಭವನೀಯತೆಯನ್ನು) ಹೋಲಿಕೆಗಳ ಸಂಖ್ಯೆಯಿಂದ, ಅಂದರೆ ಜಡ್‌ನಿಂದ, ಗುಣಿಸಿದ್ದು. ಎಚ್‌ಎಂಎಂಸರ್ಚ್‌ನಲ್ಲಿ ಜಡ್ ಎಂದರೆ ಸೀಕ್ವೆನ್ಸ್‌ಗಳ ಸಂಖ್ಯೆ, ಎಚ್‌ಎಂಎಂಸ್ಕ್ಯಾನ್‌ನಲ್ಲಿ ಮಾಡಲ್‌ಗಳ ಸಂಖ್ಯೆ. 50,000 ಪ್ರೋಟೀನ್‌ಗಳ ಫೈಲ್‌ನಲ್ಲಿ ಒಂದು ಪ್ರೋಟೀನ್‌ನ ಪಿ-ವ್ಯಾಲ್ಯೂ ಹತ್ತು ಲಕ್ಷಕ್ಕೆ ಒಂದು ಇದ್ದರೆ ಅದರ ಇ-ವ್ಯಾಲ್ಯೂ 0.05. ಅದೇ ಫೈಲನ್ನು ಬೇಗ ಮುಗಿಯಲೆಂದು ಹತ್ತು ತುಂಡು ಮಾಡಿ ಹತ್ತು ಕಂಪ್ಯೂಟರ್‌ನಲ್ಲಿ ಓಡಿಸಿದರೆ ಪ್ರತಿ ತುಂಡಿನಲ್ಲಿ 5,000 ಮಾತ್ರ, ಇ-ವ್ಯಾಲ್ಯೂ 0.005. ಹ್ಯಾಮರ್‌ನ ಒಳಗೊಳ್ಳುವ ಮಿತಿ ಸಾಮಾನ್ಯವಾಗಿ 0.01. ಅಂದರೆ ನಿನ್ನೆ ಹೊರಗಿದ್ದ ಪ್ರೋಟೀನ್ ಇಂದು ಒಳಗೆ ಬಂತು, ಜೀವಶಾಸ್ತ್ರ ಏನೂ ಬದಲಾಗಿಲ್ಲ. ತುಂಡು ಮಾಡುವುದಾದರೆ ದೊಡ್ಡ ಜಡ್ ಆಯ್ಕೆಯಲ್ಲಿ 50,000 ಎಂದು ಕೈಯಾರೆ ಕೊಡಿ. ಎಚ್‌ಎಂಎಂಸ್ಕ್ಯಾನ್‌ನಲ್ಲಿ ಪ್ರೋಟೀನ್ ಫೈಲ್ ತುಂಡು ಮಾಡಿದರೆ ಈ ತೊಂದರೆ ಇಲ್ಲ, ಮಾಡಲ್‌ಗಳ ಸಂಖ್ಯೆ ಹಾಗೆಯೇ ಇರುತ್ತದಲ್ಲ. ಕಟ್_ಜಿಎ ಬಳಸಿದರೂ ಇಲ್ಲ, ಬಿಟ್ ಸ್ಕೋರ್‌ಗೆ ಜಡ್‌ನ ಹಂಗಿಲ್ಲ.

ತುಂಡುಗಳ ಫಲಿತಾಂಶವನ್ನು ಕ್ಯಾಟ್ ಕಮಾಂಡ್‌ನಿಂದ ಒಂದೇ ಫೈಲ್ ಆಗಿ ಅಂಟಿಸಬೇಡಿ. ನಡುವೆ ಸಿಗುವ # ಸಾಲುಗಳಲ್ಲಿ ಪಾರ್ಸರ್ (ಫೈಲ್ ಓದಿಕೊಡುವ ಕೋಡ್) ಫೈಲ್ ಮುಗಿಯಿತೆಂದುಕೊಂಡು ನಿಲ್ಲಬಹುದು, ಉಳಿದ ತುಂಡುಗಳು ಸದ್ದಿಲ್ಲದೆ ತಪ್ಪಿಹೋಗುತ್ತವೆ. ಒಂದೊಂದು ಫೈಲನ್ನೂ ಬೇರೆಬೇರೆಯಾಗಿ ಓದಿ ಕೋಡ್‌ನಲ್ಲಿ ಸೇರಿಸಿ. ಓದುವ ಮೊದಲು ಪ್ರತಿ ಫೈಲ್‌ನ ಕೊನೆಯ ಸಾಲು ನೋಡಿ: ಅಲ್ಲಿ # ಜೊತೆ ಚೌಕ ಕಂಸದಲ್ಲಿ 'ಓಕೆ' ಇರಬೇಕು. ಬೇಸಿಗೆಯಲ್ಲಿ ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಓಟದ ಫೈಲ್ ಮೇಲ್ನೋಟಕ್ಕೆ ಪೂರ್ತಿಯಾದಂತೆಯೇ ಕಾಣುತ್ತದೆ. ಕೊನೆಯ ಆ ಸಾಲು ಮಾತ್ರ ಇರುವುದಿಲ್ಲ. ಇದನ್ನು ಕೋಡ್‌ನಲ್ಲೇ ಪರೀಕ್ಷಿಸಿ, ಇಲ್ಲದಿದ್ದರೆ ಎರರ್ ಎಸೆಯಿರಿ.

ನಾಲ್ಕು ಪದರ

ಪೈಥಾನ್‌ನ ಬಯೋಪೈಥಾನ್ ಲೈಬ್ರರಿಯ ಸರ್ಚ್‌ಐಒ ಫಲಿತಾಂಶವನ್ನು ನಾಲ್ಕು ಪದರದ ಆಬ್ಜೆಕ್ಟ್ ಮಾಡಿ ಕೊಡುತ್ತದೆ. ಹೊರಗಿನದು ಕ್ವೆರಿರಿಸಲ್ಟ್, ಅದರೊಳಗೆ ಹಿಟ್, ಹಿಟ್‌ನೊಳಗೆ ಎಚ್‌ಎಸ್‌ಪಿ, ಎಚ್‌ಎಸ್‌ಪಿಯೊಳಗೆ ಫ್ರಾಗ್ಮೆಂಟ್. ಹ್ಯಾಮರ್‌ನ ಮಟ್ಟಿಗೆ ಎಚ್‌ಎಸ್‌ಪಿ ಎಂದರೆ ಒಂದು ಡೊಮೇನ್. ಫ್ರಾಗ್ಮೆಂಟ್ ಒಂದೇ ಇರುವುದರಿಂದ ಅದನ್ನು ಮುಟ್ಟುವ ಅಗತ್ಯವೇ ಬೀಳದು.

ಹಿಟ್‌ನ ಇವ್ಯಾಲ್ಯೂ, ಬಿಟ್‌ಸ್ಕೋರ್, ಬಯಾಸ್ ಇಡೀ ಸೀಕ್ವೆನ್ಸ್‌ಗೆ ಸೇರಿದವು. ಎಚ್‌ಎಸ್‌ಪಿಯಲ್ಲೂ ಇದೇ ಹೆಸರಿನ ಮೂರು ಇವೆ, ಅವು ಆ ಡೊಮೇನ್‌ಗೆ ಸೇರಿದವು. ಹೆಸರು ಒಂದೇ ಆದ್ದರಿಂದ ಒಂದು ಪದರ ಮೇಲೆ ಕೆಳಗೆ ಆದರೂ ಕೋಡ್ ಓಡುತ್ತದೆ. ಎಚ್‌ಎಸ್‌ಪಿಯ ಇವ್ಯಾಲ್ಯೂ ಅಂದರೆ ಐ-ಇವ್ಯಾಲ್ಯೂ, ಆ ಡೊಮೇನ್ ಒಂದೇ ಇದ್ದಿದ್ದರೆ ಎಷ್ಟು ನಂಬಬಹುದಿತ್ತು ಎಂಬುದು. ಇವ್ಯಾಲ್ಯೂ_ಕಾಂಡ್ ಎಂದರೆ ಸಿ-ಇವ್ಯಾಲ್ಯೂ. ಈ ಪ್ರೋಟೀನ್ ಕುಟುಂಬಕ್ಕೆ ಸೇರಿದ್ದೆಂದು ಮೊದಲೇ ಒಪ್ಪಿಕೊಂಡ ಮೇಲೆ ಬರುವ ಲೆಕ್ಕ ಅದು, ಹಾಗಾಗಿ ಯಾವಾಗಲೂ ಚಿಕ್ಕದಾಗಿ, ಆಕರ್ಷಕವಾಗಿ ಕಾಣುತ್ತದೆ. ಆಯ್ಕೆಗೆ ಐ-ಇವ್ಯಾಲ್ಯೂವನ್ನೇ ಬಳಸಿ.

ಹಿಟ್ ಮಟ್ಟದಲ್ಲಿ ಚೆನ್ನಾಗಿದ್ದು ಡೊಮೇನ್ ಮಟ್ಟದಲ್ಲಿ ಯಾವುದೂ ನಿಲ್ಲದ ಪ್ರೋಟೀನ್‌ಗಳು ಖಂಡಿತ ಸಿಗುತ್ತವೆ, ಎಲ್‌ಆರ್‌ಆರ್ ಎಂಬ ಲ್ಯೂಸಿನ್ ಪುನರಾವರ್ತನೆಗಳಲ್ಲಂತೂ ಧಾರಾಳ. ಒಂದೊಂದು ಲ್ಯೂಸಿನ್ ಪುನರಾವರ್ತನೆ 20–30 ಅಮೈನೋ ಆಮ್ಲಗಳಷ್ಟು ಚಿಕ್ಕದು, ತಾನೊಂದೇ ಸ್ಕೋರ್ ಗಳಿಸಲಾರದು. ಹತ್ತು ಸೇರಿದರೆ ಮೊತ್ತ ದೊಡ್ಡದಾಗುತ್ತದೆ. ಎಲ್‌ಆರ್‌ಆರ್‌ಗೆ ಇದು ಸರಿಯಾದ ಸಾಕ್ಷಿ, ಎನ್‌ಬಿ-ಎಆರ್‌ಸಿಗೆ ಅಲ್ಲ: ಅಲ್ಲಿ ಒಂದು ಉದ್ದದ ಡೊಮೇನ್ ಗಟ್ಟಿಯಾಗಿ ನಿಲ್ಲಬೇಕು. ಆದ್ದರಿಂದ ಒಂದೇ ಫಿಲ್ಟರ್ ಎರಡಕ್ಕೂ ಹಾಕಬೇಡಿ. ಬಯಾಸ್ ಅಂಕಿ ಸ್ಕೋರ್‌ನ ಹತ್ತಿರಕ್ಕೆ ಬಂದರೆ ಆ ಹಿಟ್ಟನ್ನು ಕಣ್ಣಿಂದ ನೋಡದೆ ಒಪ್ಪಬೇಡಿ. ಒಂದೇ ಬಗೆಯ ಅಮೈನೋ ಆಮ್ಲ ತುಂಬಿದ ಭಾಗ ಮಾಡಲನ್ನು ಹೋಲುತ್ತಿರಬಹುದು.

ಮಾಡಲ್ ಯಾವ ಕಡೆ ಇದೆ?

ಹುಡುಕಲು ಕೊಟ್ಟದ್ದು ಕ್ವೆರಿ, ಸಿಕ್ಕಿದ್ದು ಹಿಟ್. ಎಚ್‌ಎಂಎಂಸರ್ಚ್‌ನಲ್ಲಿ ಮಾಡಲ್ ಕ್ವೆರಿ, ಪ್ರೋಟೀನ್ ಹಿಟ್. ಎಚ್‌ಎಂಎಂಸ್ಕ್ಯಾನ್‌ನಲ್ಲಿ ಪ್ರೋಟೀನ್ ಕ್ವೆರಿ, ಮಾಡಲ್ ಹಿಟ್. ಡಾಮ್‌ಟಿಬಿಎಲ್ ಫೈಲ್‌ನ ಕಾಲಂ ಕ್ರಮ ಮಾತ್ರ ಎರಡರಲ್ಲೂ ಒಂದೇ. ಯಾವ ಪ್ರೋಗ್ರಾಂ ಬರೆದದ್ದು ಎಂದು ಪಾರ್ಸರ್‌ಗೆ ನೀವೇ ಹೇಳಬೇಕು: 'ಎಚ್‌ಎಂಎಂಸರ್ಚ್3-ಡಾಮ್‌ಟ್ಯಾಬ್' ಅಥವಾ 'ಎಚ್‌ಎಂಎಂಸ್ಕ್ಯಾನ್3-ಡಾಮ್‌ಟ್ಯಾಬ್'. ತಪ್ಪು ಹೇಳಿದರೆ ಎರರ್ ಬರುವುದಿಲ್ಲ.

ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಅಂಕಿಗಳು ಉದಾಹರಣೆಗಾಗಿ. ಮಾಡಲ್ ಉದ್ದ 250. ಎಚ್‌ಎಂಎಂಸರ್ಚ್ ಫೈಲ್‌ನಲ್ಲಿ ಮಾಡಲ್ ಮೇಲೆ 3ರಿಂದ 248, ಪ್ರೋಟೀನ್ ಅಲೈನ್‌ಮೆಂಟ್ 182ರಿಂದ 421, ಎನ್ವಲಪ್ (ಡೊಮೇನ್ ಇರಬಹುದಾದ ಒಟ್ಟು ಜಾಗ) 180ರಿಂದ 424. ಸರಿಯಾದ ಫಾರ್ಮ್ಯಾಟ್ ಹೆಸರಿನಿಂದ ಓದಿದರೆ ಎಚ್‌ಎಸ್‌ಪಿಯಲ್ಲಿ ಸಿಗುವುದು: ಕ್ವೆರಿ_ಸ್ಟಾರ್ಟ್ 2, ಕ್ವೆರಿ_ಎಂಡ್ 248, ಹಿಟ್_ಸ್ಟಾರ್ಟ್ 181, ಹಿಟ್_ಎಂಡ್ 421, ಎನ್ವ್_ಸ್ಟಾರ್ಟ್ 179, ಎನ್ವ್_ಎಂಡ್ 424. ಆರಂಭದ ಅಂಕಿಗಳು ಒಂದು ಕಡಿಮೆಯಾಗಿವೆ. ಪೈಥಾನ್ ಸೊನ್ನೆಯಿಂದ ಎಣಿಸುವುದರಿಂದ ಸರ್ಚ್‌ಐಒ ಹೀಗೆ ಬದಲಿಸಿ ಕೊಡುತ್ತದೆ, ಕೊನೆಯ ಅಂಕಿ ಹಾಗೆಯೇ ಇರುತ್ತದೆ. ಸೀಕ್ವೆನ್ಸ್ ಕತ್ತರಿಸಲು ಇವನ್ನು ನೇರವಾಗಿ ಹಾಕಬಹುದು. ಟೇಬಲ್‌ಗೆ ಅಥವಾ ಸೀಕ್ವೆನ್ಸ್ ಮೇಲಿನ ಜಾಗಗಳನ್ನು ದಾಖಲಿಸುವ ಜಿಎಫ್‌ಎಫ್ ಫೈಲ್‌ಗೆ ಬರೆಯುವಾಗ ಮಾತ್ರ ಆರಂಭಕ್ಕೆ ಒಂದು ಸೇರಿಸಿ.

ಈಗ ಅದೇ ಸಾಲನ್ನು ಎಚ್‌ಎಂಎಂಸ್ಕ್ಯಾನ್ ಎಂದು ಹೇಳಿ ಓದಿ. ಹಿಟ್_ಸ್ಟಾರ್ಟ್ 2, ಹಿಟ್_ಎಂಡ್ 248 ಆಗುತ್ತದೆ, ಆದರೆ ಹಿಟ್‌ನ ಹೆಸರು ಪ್ರೋಟೀನ್‌ನದೇ. ಆ ಪ್ರೋಟೀನ್‌ನಿಂದ ಕತ್ತರಿಸಿದರೆ ಬರುವುದು ಎನ್‌ಬಿ-ಎಆರ್‌ಸಿ ಅಲ್ಲ, ಎನ್-ತುದಿಯ ಬೇರೇನೋ. ಮಾಡಲ್ ಎಷ್ಟು ಮುಚ್ಚಿದೆ ಎಂಬ ಲೆಕ್ಕ ಹಾಕಿದರೂ ಸರಿ ಎಂದೇ ಕಾಣುತ್ತದೆ: ನಿಜವಾದದ್ದು 246 ಭಾಗ 250, ಅಂದರೆ 0.98. ಅದಲುಬದಲಾದದ್ದು 240 ಭಾಗ 250, ಅಂದರೆ 0.96. ಎರಡೂ ಪಾಸು. ಈ ತಪ್ಪು ಪ್ರಬಂಧದ ಕೊನೆಯ ವಂಶವೃಕ್ಷದ ಚಿತ್ರದವರೆಗೂ ಯಾರ ಕಣ್ಣಿಗೂ ಬೀಳದೆ ಸಾಗಬಲ್ಲದು.

ತಡೆಯಲು ಒಂದೇ ಸಾಲಿನ ಪರೀಕ್ಷೆ ಸಾಕು. ಎನ್ವಲಪ್ ಯಾವಾಗಲೂ ಪ್ರೋಟೀನ್ ಮೇಲಿನ ಜಾಗ, ಮತ್ತು ಪ್ರೋಟೀನ್ ಮೇಲಿನ ಅಲೈನ್‌ಮೆಂಟ್ ಎನ್ವಲಪ್‌ನ ಒಳಗೇ ಇರಬೇಕು. ಎಚ್‌ಎಂಎಂಸರ್ಚ್ ಫೈಲ್‌ನಲ್ಲಿ ಹಿಟ್_ಸ್ಟಾರ್ಟ್ ಎನ್ವ್_ಸ್ಟಾರ್ಟ್‌ಗಿಂತ ಕಡಿಮೆಯಾದರೆ, ಅಥವಾ ಹಿಟ್_ಎಂಡ್ ಎನ್ವ್_ಎಂಡ್ ದಾಟಿದರೆ, ಫಾರ್ಮ್ಯಾಟ್ ಹೆಸರು ತಪ್ಪಾಗಿದೆ. ಮೇಲಿನ ಉದಾಹರಣೆಯಲ್ಲಿ 2 ಎಂಬುದು 179ಕ್ಕಿಂತ ಕಡಿಮೆ, ಅಲ್ಲೇ ಸಿಕ್ಕಿಬೀಳುತ್ತದೆ. ಎಚ್‌ಎಂಎಂಸ್ಕ್ಯಾನ್ ಫೈಲ್‌ಗೆ ಇದೇ ಪರೀಕ್ಷೆಯನ್ನು ಕ್ವೆರಿ ಅಂಕಿಗಳ ಮೇಲೆ ಮಾಡಿ.

ನಿಮ್ಮದೇ ಒಂದು ದಾಖಲೆ ಕ್ಲಾಸ್

ಪಾರ್ಸರ್ ಕೊಟ್ಟ ಎಚ್‌ಎಸ್‌ಪಿಯನ್ನು ಪ್ರೋಗ್ರಾಂ ತುಂಬ ಓಡಾಡಲು ಬಿಡಬೇಡಿ. ಓದಿದ ತಕ್ಷಣ ಅದನ್ನು ನಿಮ್ಮ ಸ್ವಂತ ಡೇಟಾಕ್ಲಾಸ್‌ಗೆ ಇಳಿಸಿ, ಮುಂದಿನ ಎಲ್ಲ ಕೋಡ್ ಅದನ್ನೇ ನೋಡಲಿ. 'ಡೊಮೇನ್‌ದಾಖಲೆ' ಎಂದು ಹೆಸರಿಡಿ. ಬದಲಾಯಿಸಲಾಗದಂತೆ ಫ್ರೋಜನ್ ಮಾಡಿ. ಅದರಲ್ಲಿ ಇರಬೇಕಾದ್ದು: ಪ್ರೋಟೀನ್ ಐಡಿ, ಜೀನ್ ಐಡಿ, ಕುಟುಂಬದ ಹೆಸರು ಮತ್ತು ಸಂಖ್ಯೆ, ಮಾಡಲ್ ಆರಂಭ-ಅಂತ್ಯ-ಉದ್ದ, ಅಲೈನ್‌ಮೆಂಟ್ ಆರಂಭ-ಅಂತ್ಯ, ಎನ್ವಲಪ್ ಆರಂಭ-ಅಂತ್ಯ, ಸೀಕ್ವೆನ್ಸ್ ಇ-ವ್ಯಾಲ್ಯೂ ಮತ್ತು ಸ್ಕೋರ್, ಡೊಮೇನ್ ಐ-ಇವ್ಯಾಲ್ಯೂ, ಸ್ಕೋರ್ ಮತ್ತು ಬಯಾಸ್, ಯಾವ ಪ್ರೋಗ್ರಾಂ, ಯಾವ ಫೈಲ್. ಕ್ವೆರಿ, ಹಿಟ್ ಎಂಬ ಪದಗಳೇ ಇದರೊಳಗೆ ಬರಬಾರದು. ಪ್ರೋಟೀನ್ ಮತ್ತು ಮಾಡಲ್, ಇವೆರಡೇ.

ತುಂಬಲು ಎರಡು ಕ್ಲಾಸ್‌ಮೆಥಡ್ ಬರೆಯಿರಿ, ಒಂದು ಎಚ್‌ಎಂಎಂಸರ್ಚ್‌ಗೆ, ಇನ್ನೊಂದು ಎಚ್‌ಎಂಎಂಸ್ಕ್ಯಾನ್‌ಗೆ. ಯಾವ ಅಂಕಿ ಯಾವ ಕಡೆಯದು ಎಂಬ ಗೊಂದಲ ಆ ಎರಡು ಮೆಥಡ್‌ಗಳಲ್ಲಿ ಮಾತ್ರ ಇರುತ್ತದೆ, ಎನ್ವಲಪ್ ಪರೀಕ್ಷೆಯ ಸಾಲೂ ಅಲ್ಲೇ ಕೂರುತ್ತದೆ. ಮುಚ್ಚಿದ ಪ್ರಮಾಣ, ಬಯಾಸ್ ಅನುಪಾತ ಇವನ್ನು ಪ್ರಾಪರ್ಟಿ ಮಾಡಿ. ಪ್ರಮಾಣವನ್ನು ಮಾಡಲ್ ಅಂಕಿಗಳಿಂದ ಲೆಕ್ಕ ಹಾಕಿ, ಸೀಕ್ವೆನ್ಸ್ ಕತ್ತರಿಸಲು ಎನ್ವಲಪ್ ಬಳಸಿ. ಅಲೈನ್‌ಮೆಂಟ್ ಗಡಿ ಡೊಮೇನ್‌ನ ಅಂಚಿನ ಕೆಲವು ಅಮೈನೋ ಆಮ್ಲಗಳನ್ನು ಬಿಟ್ಟುಬಿಡುತ್ತದೆ.

ಐಡಿಗಳಲ್ಲಿ ಎರಡು ಕಡೆ ಚುಕ್ಕೆ ಇದೆ, ಎರಡರ ಅರ್ಥವೂ ಬೇರೆ. ಪಿಫ್ಯಾಮ್ ಸಂಖ್ಯೆ ಫೈಲ್‌ನಲ್ಲಿ ಆವೃತ್ತಿಯ ಜೊತೆ ಬರುತ್ತದೆ: ಪಿಎಫ್00931, ಚುಕ್ಕೆ, ಆಮೇಲೊಂದು ಅಂಕಿ. ಪಿಎಫ್00931ಕ್ಕೆ ಸಮವೇ ಎಂದು ನೇರ ಹೋಲಿಸಿದರೆ ಒಂದೂ ಸಿಗದು. ಚುಕ್ಕೆಯನ್ನೂ ಅದರ ನಂತರದ್ದನ್ನೂ ಕತ್ತರಿಸಿ ಹೋಲಿಸಿ, ಆವೃತ್ತಿಯನ್ನು ಬೇರೆ ಕಡೆ ಉಳಿಸಿ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ, ಅಂದರೆ ಎಂಎಸ್‌ಯು, ಭತ್ತದ ಐಡಿಯಲ್ಲಿ, ಉದಾಹರಣೆಗೆ ಎಲ್‌ಒಸಿ_ಒಎಸ್12ಜಿ18360.1 ಎಂಬಲ್ಲಿ, ಚುಕ್ಕೆಯ ನಂತರದ್ದು ಟ್ರಾನ್ಸ್‌ಕ್ರಿಪ್ಟ್ ಸಂಖ್ಯೆ, ಒಂದೇ ಜೀನ್‌ನ ಬೇರೆಬೇರೆ ಆರ್‌ಎನ್‌ಎ ರೂಪಗಳಲ್ಲಿ ಇದು ಯಾವುದು ಎಂಬುದು. ಅದನ್ನು ಬಿಟ್ಟು ಜೀನ್ ಐಡಿ ಮಾಡಿಕೊಂಡು, ಪ್ರತಿ ಜೀನ್‌ಗೆ ಅತಿ ಹೆಚ್ಚು ಸ್ಕೋರ್ ಬಂದ ಒಂದು ಪ್ರೋಟೀನ್ ಇಟ್ಟುಕೊಳ್ಳಿ. ಇದನ್ನು ಮಾಡದವರ ಎಣಿಕೆ ಉಬ್ಬುತ್ತದೆ. ಭತ್ತದಲ್ಲಿ ಎನ್‌ಬಿಎಸ್-ಎಲ್‌ಆರ್‌ಆರ್ (ಎನ್‌ಬಿಎಸ್ ಎಂದರೆ ಎನ್‌ಬಿ-ಎಆರ್‌ಸಿ ಇರುವ ಭಾಗ) ಜೀನ್‌ಗಳು ಸುಮಾರು 500ರ ಆಸುಪಾಸು. ನಿಮಗೆ 900 ಬಂದಿದ್ದರೆ ಟ್ರಾನ್ಸ್‌ಕ್ರಿಪ್ಟ್‌ಗಳನ್ನೋ ಡೊಮೇನ್ ಸಾಲುಗಳನ್ನೋ ಎಣಿಸಿದ್ದೀರಿ.

ಓದಲು ಪಾರ್ಸ್ ಬಳಸಿ, ರೀಡ್ ಬೇಡ. ಫೈಲ್‌ನಲ್ಲಿ ಸರಿಯಾಗಿ ಒಂದೇ ಕ್ವೆರಿ ಇಲ್ಲದಿದ್ದರೆ ರೀಡ್ ವ್ಯಾಲ್ಯೂಎರರ್ ಎಸೆಯುತ್ತದೆ. ಪಾರ್ಸ್ ಕೊಡುವುದು ಒಮ್ಮೆ ಮಾತ್ರ ಸುತ್ತಬಹುದಾದ ಇಟರೇಟರ್. ಎರಡನೇ ಸಲ ಸುತ್ತಿದರೆ ಖಾಲಿ, ಎರರ್ ಕೂಡ ಇಲ್ಲ. ಹಿಟ್_ಫಿಲ್ಟರ್, ಎಚ್‌ಎಸ್‌ಪಿ_ಫಿಲ್ಟರ್ ಹೊಸ ಕ್ವೆರಿರಿಸಲ್ಟ್ ಕೊಡುತ್ತವೆ, ಹಳೆಯದು ಹಾಗೆಯೇ ಇರುತ್ತದೆ. ಫಲಿತವನ್ನು ವೇರಿಯಬಲ್‌ಗೆ ಹಿಡಿಯದಿದ್ದರೆ ಫಿಲ್ಟರ್ ಮಾಡಿದ್ದು ವ್ಯರ್ಥ. ಸಾರ್ಟ್ ಮಾತ್ರ ಅಲ್ಲೇ ಬದಲಿಸುತ್ತದೆ.

ಇನ್ನೊಂದು: ಒಂದೂ ಹಿಟ್ ಸಿಗದ ಕ್ವೆರಿ ಡಾಮ್‌ಟಿಬಿಎಲ್ ಫೈಲ್‌ನಲ್ಲಿ ಕಾಣುವುದೇ ಇಲ್ಲ. ಎಷ್ಟು ಪ್ರೋಟೀನ್‌ಗೆ ಏನೂ ಸಿಗಲಿಲ್ಲ ಎಂದು ಹೇಳಬೇಕಾದರೆ ಸೀಕ್ವೆನ್ಸ್‌ಗಳಿರುವ ಮೂಲ ಫಾಸ್ಟಾ ಫೈಲ್‌ನ ಐಡಿ ಪಟ್ಟಿಯಿಂದ ಕಳೆದು ತೆಗೆಯಿರಿ. ಹಾಗೆಯೇ ಟೆಕ್ಸ್ಟ್ ಔಟ್‌ಪುಟ್‌ನಲ್ಲಿರುವ ! ಮತ್ತು ? ಗುರುತುಗಳು ಈಸ್_ಇನ್‌ಕ್ಲೂಡೆಡ್ ಎಂಬ ಗುಣವಾಗಿ ಬರುತ್ತವೆ. ಡಾಮ್‌ಟಿಬಿಎಲ್‌ನಲ್ಲಿ ಆ ಮಾಹಿತಿ ಇಲ್ಲ, ಅಲ್ಲಿ ಕೇಳಿದರೆ ಆಟ್ರಿಬ್ಯೂಟ್ ಎರರ್.

ಪರ್ಲ್ ಬಳಸುವವರಿಗೆ ಬಯೋಪರ್ಲ್‌ನಲ್ಲೂ ಇದೇ ಏಣಿ: ನೆಕ್ಸ್ಟ್_ರಿಸಲ್ಟ್, ನೆಕ್ಸ್ಟ್_ಹಿಟ್, ನೆಕ್ಸ್ಟ್_ಎಚ್‌ಎಸ್‌ಪಿ. ಅಲ್ಲಿ ಎಣಿಕೆ ಒಂದರಿಂದ ಶುರು. ಪೈಥಾನ್‌ಗೆ ಬಂದಾಗ ಹಳೆಯ ಕೋಡ್‌ನ ಕಳೆಯುವ-ಕೂಡುವ ಸಾಲುಗಳನ್ನು ತಂದು ಹಾಕಬೇಡಿ.

ಒಂದರ ಮೇಲೊಂದು ಬಿದ್ದ ಡೊಮೇನ್‌ಗಳು

ಎರಡನೇ ಹಂತದ ಎಚ್‌ಎಂಎಂಸ್ಕ್ಯಾನ್‌ನಲ್ಲಿ ಎನ್‌ಬಿ-ಎಆರ್‌ಸಿ ಇರುವ ಜಾಗದಲ್ಲೇ ಎಎಎ_16, ಎಎಎ_22ನಂಥ ಹೆಸರುಗಳೂ ಬರುತ್ತವೆ. ಇವೆಲ್ಲ ಪಿ-ಲೂಪ್ ಎನ್‌ಟಿಪೇಸ್ ಎಂಬ ಒಂದೇ ಕ್ಲ್ಯಾನ್ (ಸಂಬಂಧವಿರುವ ಕುಟುಂಬಗಳ ಗುಂಪು), ಸಿಎಲ್0023. ನೆಂಟರು ಒಂದೇ ಕುರ್ಚಿಗೆ ಹಕ್ಕು ಸಾಧಿಸುತ್ತಿದ್ದಾರೆ, ಕೂರುವವರು ಒಬ್ಬರೇ. ಎಲ್‌ಆರ್‌ಆರ್‌ನಲ್ಲೂ ಹಾಗೆಯೇ: ಎಲ್‌ಆರ್‌ಆರ್_1, ಎಲ್‌ಆರ್‌ಆರ್_4, ಎಲ್‌ಆರ್‌ಆರ್_8 ಎಲ್ಲವೂ ಸಿಎಲ್0022.

ಯಾವ ಕುಟುಂಬ ಯಾವ ಕ್ಲ್ಯಾನ್ ಎಂಬ ಪಟ್ಟಿ ಪಿಫ್ಯಾಮ್ ಡೌನ್‌ಲೋಡ್ ಜಾಗದಲ್ಲೇ ಟಿಎಸ್‌ವಿ ಫೈಲ್ ಆಗಿ ಇದೆ. ಅದನ್ನು ಡಿಕ್ಷನರಿಗೆ ಓದಿಕೊಳ್ಳಿ. ಆಮೇಲೆ ಪ್ರತಿ ಪ್ರೋಟೀನ್‌ನ ದಾಖಲೆಗಳನ್ನು ಐ-ಇವ್ಯಾಲ್ಯೂ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಒಂದೊಂದೇ ನೋಡಿ. ಈಗಾಗಲೇ ಒಪ್ಪಿಕೊಂಡ, ಅದೇ ಕ್ಲ್ಯಾನ್‌ನ ದಾಖಲೆಯ ಮೇಲೆ ಬಿದ್ದರೆ ಬಿಡಿ, ಇಲ್ಲವಾದರೆ ಒಪ್ಪಿ. ಬೇರೆ ಕ್ಲ್ಯಾನ್ ಆಗಿದ್ದರೆ ಮುಟ್ಟಬೇಡಿ, ಒಂದು ಡೊಮೇನ್ ಒಳಗೆ ಇನ್ನೊಂದು ಇರುವುದು ಉಂಟು. ಅಂಚಿನಲ್ಲಿ ಹತ್ತು ಅಮೈನೋ ಆಮ್ಲದಷ್ಟು ತಾಗಿದ್ದನ್ನು ಅತಿಕ್ರಮಣ ಎಂದು ಎಣಿಸದಿರುವುದು ಒಳ್ಳೆಯದು.

ತುಂಡಾದ ಡೊಮೇನ್ ಇದಕ್ಕೆ ತಿರುಗುಮುರುಗು. ಒಂದೇ ಪ್ರೋಟೀನ್‌ನಲ್ಲಿ ಮೊದಲ ಎಚ್‌ಎಸ್‌ಪಿ ಮಾಡಲ್‌ನ 1–120, ಎರಡನೆಯದು 118–250 ಎಂದಿದ್ದು, ಪ್ರೋಟೀನ್ ಮೇಲೆ 180–300 ಮತ್ತು 340–470 ಎಂದಿದ್ದರೆ ಅವು ಎರಡು ಡೊಮೇನ್ ಅಲ್ಲ, ನಡುವೆ ಏನೋ ಸೇರಿಕೊಂಡ ಒಂದೇ ಡೊಮೇನ್. ಮಾಡಲ್ ಕ್ರಮ ಮತ್ತು ಪ್ರೋಟೀನ್ ಕ್ರಮ ಒಂದೇ ಇದ್ದು, ಮಾಡಲ್ ಮೇಲಿನ ಅತಿಕ್ರಮಣ ಅತ್ಯಲ್ಪವಿದ್ದರೆ ಸೇರಿಸಿ. ಎರಡೂ ಮಾಡಲ್‌ನ ಒಂದೇ ಭಾಗವನ್ನು ಮುಚ್ಚಿದ್ದರೆ ಅದು ನಿಜವಾದ ಪುನರಾವರ್ತನೆ, ಸೇರಿಸಬೇಡಿ. ಸೇರಿಸಿದ ಮೇಲೆಯೇ ಮುಚ್ಚಿದ ಪ್ರಮಾಣದ ಫಿಲ್ಟರ್ ಹಾಕಿ. ಮೊದಲೇ 0.5 ಎಂಬ ಗೆರೆ ಎಳೆದರೆ 120 ಭಾಗ 250, ಅಂದರೆ 0.48 ಬಂದ ಅರ್ಧ ಬಿದ್ದುಹೋಗುತ್ತದೆ, ಆಮೇಲೆ ಸೇರಿಸಲು ಏನೂ ಉಳಿಯುವುದಿಲ್ಲ.

ಪಟ್ಟಿಯನ್ನು ನಂಬುವ ಮೊದಲು

ಉತ್ತರ ಗೊತ್ತಿರುವ ಕೆಲವು ಪ್ರೋಟೀನ್‌ಗಳನ್ನು ಯೂನಿಪ್ರಾಟ್ ಡೇಟಾಬೇಸ್‌ನಿಂದ ತಂದು ಫಾಸ್ಟಾ ಫೈಲ್‌ಗೆ ಸೇರಿಸಿ ಓಡಿಸಿ. ಬೆಂಕಿ ರೋಗ ತಡೆಯುವ ಪಿಐ-ಟಿಎ ಮತ್ತು ಪಿಐ-ಬಿ, ಅಂಗಮಾರಿ ತಡೆಯುವ ಎಕ್ಸ್‌ಎ1: ಮೂರೂ ಎನ್‌ಬಿ-ಎಆರ್‌ಸಿ ಪಟ್ಟಿಯಲ್ಲಿ ಬರಲೇಬೇಕು. ಎಕ್ಸ್‌ಎ21 ಬರಬಾರದು. ಅದು ಕಾಡುಭತ್ತ ಒರೈಜಾ ಲಾಂಜಿಸ್ಟಾಮಿನೇಟಾದಿಂದ ಬಂದ, ಜೀವಕೋಶದ ಪೊರೆಯಲ್ಲಿ ಕೂರುವ ಕೈನೇಸ್. ಅದರಲ್ಲಿ ಎಲ್‌ಆರ್‌ಆರ್ ಇದೆ, ಎನ್‌ಬಿ-ಎಆರ್‌ಸಿ ಇಲ್ಲ. ಈ ಭಾಗದಲ್ಲಿ ಹೆಚ್ಚು ಬೆಳೆಯುವ ಬಿಪಿಟಿ 5204 (ಸಾಂಬಾ ಮಸೂರಿ) ತಳಿಗೆ ಎಕ್ಸ್‌ಎ21 ಅನ್ನು ಎಕ್ಸ್‌ಎ13, ಎಕ್ಸ್‌ಎ5 ಜೊತೆ ಸೇರಿಸಿಯೇ ಸುಧಾರಿತ ಸಾಂಬಾ ಮಸೂರಿ ಮಾಡಿದ್ದು. ಹಾಗಾಗಿ ನಿರೋಧಕ ಜೀನ್ ಎಂದರೆಲ್ಲ ಎನ್‌ಬಿ-ಎಆರ್‌ಸಿ ಎಂದು ಶೀರ್ಷಿಕೆ ಕೊಡುವ ಮುನ್ನ ಯೋಚಿಸಿ.

ಟಿಐಆರ್ ಡೊಮೇನ್ ಪಿಎಫ್01582 ಕೂಡ ಒಳ್ಳೆಯ ಪರೀಕ್ಷೆ. ಏಕದಳ ಧಾನ್ಯಗಳಲ್ಲಿ ಟಿಐಆರ್, ಎನ್‌ಬಿಎಸ್, ಎಲ್‌ಆರ್‌ಆರ್ ಮೂರೂ ಸೇರಿದ ಜೀನ್‌ಗಳಿಲ್ಲ. ಮೆಣಸಿನಕಾಯಿ, ತೊಗರಿ, ಹತ್ತಿಯಂಥ ದ್ವಿದಳ ಬೆಳೆಗಳಲ್ಲಿ ಇವೆ. ಭತ್ತದ ಪಟ್ಟಿಯಲ್ಲಿ ಆ ಜೋಡಣೆ ಹತ್ತಿಪ್ಪತ್ತು ಕಂಡರೆ ಫೈಲ್ ಬೆರೆತಿದೆ ಅಥವಾ ದಾಖಲೆಗಳನ್ನು ತಪ್ಪು ಐಡಿಗೆ ಕಟ್ಟಿದ್ದೀರಿ. ಪಿಐ-ಟಿಎಗೆ ಎಲ್‌ಆರ್‌ಆರ್ ಹಿಟ್ ಸಿಗದಿದ್ದರೆ ಮಾತ್ರ ಗಾಬರಿ ಬೇಡ. ಅದರ ಲ್ಯೂಸಿನ್ ಭಾಗ ಕ್ರಮಬದ್ಧವಾಗಿಲ್ಲ, ಮಾಡಲ್ ಹಿಡಿಯದಿರುವುದು ಸಾಧ್ಯ.

ಅಂತಿಮ ಟೇಬಲ್‌ನ ತಲೆಯಲ್ಲಿ ಹ್ಯಾಮರ್ ಆವೃತ್ತಿ, ಪಿಫ್ಯಾಮ್ ಆವೃತ್ತಿ, ಪೂರ್ತಿ ಕಮಾಂಡ್ ಸಾಲು, ಜಡ್ ಬರೆದಿಡಿ. ಡಾಮ್‌ಟಿಬಿಎಲ್‌ನ ಕೊನೆಯ # ಸಾಲುಗಳಲ್ಲಿ ಕಮಾಂಡ್ ಮತ್ತು ಆವೃತ್ತಿ ಇರುತ್ತವೆ, ಕೋಡ್‌ನಿಂದಲೇ ಎತ್ತಿಕೊಳ್ಳಬಹುದು.

ಪಟ್ಟಿಯಿಂದ ತಳಿಗಳ ಹೋಲಿಕೆಗೆ ಹೋಗುವವರು ಎನ್ವಲಪ್‌ನಿಂದ ಕತ್ತರಿಸಿದ ತುಂಡಿನ ಮೇಲೆ ಆ ಕೆಲಸ ಮಾಡಬೇಡಿ. ಪಿಐ-ಟಿಎ ಪ್ರೋಟೀನ್ 928 ಅಮೈನೋ ಆಮ್ಲ ಉದ್ದ. ರೋಗ ತಡೆಯುವ ರೂಪದಲ್ಲಿ 918ನೇ ಸ್ಥಾನದಲ್ಲಿ ಅಲನಿನ್, ತಡೆಯದ ರೂಪದಲ್ಲಿ ಅಲ್ಲಿ ಸೆರಿನ್. ಎರಡಕ್ಕೂ ಎನ್‌ಬಿ-ಎಆರ್‌ಸಿ ಹಿಟ್ ಒಂದೇ, ಸ್ಕೋರ್ ಒಂದೇ, ಏಕೆಂದರೆ ಆ ಸ್ಥಾನ ಡೊಮೇನ್‌ನ ಹೊರಗಿದೆ. ದಾಖಲೆಯಲ್ಲಿ ಪ್ರೋಟೀನ್ ಐಡಿ ಉಳಿಸಿಕೊಳ್ಳುವುದು ಇದಕ್ಕೇ: ಅದರಿಂದ ಮೂಲ ಫಾಸ್ಟಾಗೆ ಮರಳಿ, ಪೂರ್ತಿ ಸೀಕ್ವೆನ್ಸ್ ತೆಗೆದು, ತಳಿಗಳನ್ನು ಉದ್ದಕ್ಕೂ ಅಲೈನ್ ಮಾಡಿ.